ಬಾಟಲಿ ನಿಲ್ಲಿಸುವ ನೋಲ್ವಿಯಾ

ಇನ್ನೂ ಬೆಳಕು ಹರಿದಿಲ್ಲ. ಉತ್ತರ ಹೊಂಡುರಾಸ್‌ನ ಈ ಸರ್ಕಾರಿ ಆಸ್ಪತ್ರೆಯ ಡೆಂಗಿ ವಾರ್ಡಿನಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಮಲಗಿದ್ದಾರೆ. ಮಂಚ ಸಿಗದವರು ಗೋಡೆಗೆ ಒರಗಿದ್ದಾರೆ. ಅವರ ಕಾಲು ತುಳಿಯದಂತೆ ಗಾಲಿ ಹಚ್ಚಿದ ಸ್ಕ್ಯಾನಿಂಗ್ ಯಂತ್ರವನ್ನು ತಳ್ಳಿಕೊಂಡು ಬರುತ್ತಿದ್ದಾರೆ ನೋಲ್ವಿಯಾ ಸುನಿಗಾ. ನರ್ಸ್ ಸಹಾಯಕಿ, ಐವತ್ತರ ಹತ್ತಿರದ ವಯಸ್ಸು. ಹೊಟ್ಟೆಗೆ ಹಚ್ಚುವ ಜೆಲ್‌ನ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದಾರೆ.

"ತಣ್ಣಗಿರಲ್ಲ ಮಗಳೇ, ಬೆಚ್ಚಗೆ ಮಾಡ್ಕೊಂಡೇ ಬಂದಿದೀನಿ. ಹೊಟ್ಟೆ ಸಡಿಲ ಬಿಡು" ಎನ್ನುತ್ತಾರೆ ಒನೇಲಿಯಾಗೆ. ಬೇಕರಿಯಲ್ಲಿ ಕೆಲಸ ಮಾಡುವ ಈ ಹುಡುಗಿಗೆ ಜ್ವರ ಬಿಟ್ಟು ಎರಡು ದಿನವಾಗಿದೆ. ಆದರೂ ಚೇತರಿಸಿಕೊಳ್ಳುವ ಬದಲು ಏದುಸಿರು ಬಿಡುತ್ತಿದ್ದಾಳೆ.

ನೋಲ್ವಿಯಾ ಅವಳ ಎದೆಗೂಡಿನ ಕೆಳಗೆ ಯಂತ್ರದ ಹಿಡಿಯನ್ನು, ಅಂದರೆ ಪ್ರೋಬನ್ನು, ಒತ್ತುತ್ತಾರೆ. ಪರದೆಯಲ್ಲಿ ಕಪ್ಪು ಪಟ್ಟಿಯೊಂದು ಕಾಣುತ್ತದೆ. ಮೈಯ ಕೆಳಭಾಗದ ರಕ್ತವನ್ನೆಲ್ಲ ಹೃದಯಕ್ಕೆ ಒಯ್ಯುವ ದೊಡ್ಡ ರಕ್ತನಾಳ ಅದು. ಉಸಿರು ಎಳೆದುಕೊಂಡಾಗ ಆ ಪಟ್ಟಿ ಸಣ್ಣಗಾಗಬೇಕು. ಮೈಯಲ್ಲಿ ನೀರು ತೀರಾ ಕಡಿಮೆಯಿದ್ದರೆ ಅಂಟಿಕೊಳ್ಳುವಷ್ಟು ಕುಗ್ಗುತ್ತದೆ. ಒನೇಲಿಯಾ ಎಷ್ಟು ಉಸಿರೆಳೆದರೂ ಅದು ಅಲ್ಲಾಡುತ್ತಿಲ್ಲ, ನೀರು ತುಂಬಿದ ಪೈಪಿನ ಹಾಗೆ ದಪ್ಪಗೆ ನಿಂತಿದೆ.

ಪಕ್ಕದಲ್ಲಿ ನಿಂತ ತಾಯಿ ದೋನ್ಯಾ ತ್ರಾನ್ಸಿತೋಗೆ ಇದ್ಯಾವುದೂ ಬೇಕಿಲ್ಲ. "ಟೀವಿ ನೋಡಿದ್ದು ಸಾಕು ಸಿಸ್ಟರ್. ಡ್ರಿಪ್ಸ್ ಬಾಟಲಿ ಖಾಲಿಯಾಗ್ತಾ ಬಂತು, ಇನ್ನೊಂದು ಹಾಕಿ. ಬಡವರ ಮಕ್ಕಳು ಅಂದ್ರೆ ನೀರು ಕೊಡೋಕೂ ಕೈ ಬರಲ್ವಾ ನಿಮಗೆ?"

"ನೀರು ಜಾಸ್ತಿ ಆಗಿದೆ ಅಮ್ಮಾ. ಅದಕ್ಕೇ ಉಸಿರು ಕಟ್ತಾ ಇರೋದು."

"ಜ್ವರದಲ್ಲಿ ಒಣಗಿ ಹೋದವಳಿಗೆ ನೀರು ಜಾಸ್ತಿನಾ? ಯಾರ ಕಿವಿ ಮೇಲೆ ಹೂವಿಡ್ತೀರಿ?"

ನೋಲ್ವಿಯಾ ಸಿಟ್ಟಾಗುವುದಿಲ್ಲ. "ಇಲ್ಲಿಗೆ ಬರೋ ಮುಂಚೆ ಔಷಧಿ ಅಂಗಡೀಲಿ ಬಾಟಲಿ ಹಾಕ್ಸಿದ್ರಾ?" ಎಂದು ಮೆಲ್ಲಗೆ ಕೇಳುತ್ತಾರೆ. ದೋನ್ಯಾ ತ್ರಾನ್ಸಿತೋ ಕೈಗಳನ್ನು ಏನು ಮಾಡಬೇಕೆಂದು ತೋಚದೆ ಮಂಚದ ಕಂಬಿ ಉಜ್ಜುತ್ತಾರೆ. "ಎರಡು. ಹಳದೀದು, ವಿಟಮಿನ್ ಇರೋದು."

"ನಿನ್ನೆ ಕೇಳಿದ್ದಕ್ಕೆ ಇಲ್ಲ ಅಂದ್ರಲ್ಲಾ?"

"ಬೈತೀರಿ ಅಂತ."

ಈ ಊರಿನಲ್ಲಿ ಜ್ವರ ಬಂದರೆ ಬಾಟಲಿ, ಸುಸ್ತಾದರೆ ಬಾಟಲಿ, ಮದುವೆ ಊಟ ಹೆಚ್ಚಾದರೂ ಬಾಟಲಿ. ಮೂಲೆಮೂಲೆಯ ಔಷಧಿ ಅಂಗಡಿಗಳಲ್ಲಿ ಕೂರಿಸಿ ಏರಿಸಿ ಕಳಿಸುತ್ತಾರೆ. ಡೆಂಗಿಯಲ್ಲಿ ಇದೇ ಪ್ರಾಣಕ್ಕೆ ಎರವಾಗುತ್ತದೆ. ಮೊದಲು ರಕ್ತದ ನೀರು ನಾಳಗಳಿಂದ ಹೊರಗೆ ಸೋರುತ್ತದೆ, ಆಗ ನೀರು ಕೊಡಲೇಬೇಕು. ಜ್ವರ ಇಳಿದು ಒಂದೆರಡು ದಿನಕ್ಕೆ ಸೋರಿದ್ದೆಲ್ಲ ವಾಪಸ್ ಬರುತ್ತದೆ. ಆಗಲೂ ಬಾಟಲಿ ಹರಿಯುತ್ತಲೇ ಇದ್ದರೆ ನೀರು ಶ್ವಾಸಕೋಶಕ್ಕೆ ನುಗ್ಗುತ್ತದೆ.

ರಾತ್ರಿ ಪಾಳಿಯ ಡಾಕ್ಟರ್ ಮಿರ್ನಾ ಆರ್ದೋನ್ ಬಂದು ಪರದೆ ನೋಡುತ್ತಾರೆ. ನಾಡಿ ಹಿಡಿದು, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, ಡ್ರಿಪ್ಸ್ ಬಂದ್ ಮಾಡಿ, ಮೂತ್ರ ಹೋಗಲು ಇಂಜೆಕ್ಷನ್ ಬರೆಯುತ್ತಾರೆ. "ಈ ಚಿತ್ರ ಒಂದನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ. ಆದ್ರೆ ಇದಿಲ್ದೆ ಇಷ್ಟು ಜನರ ಮಧ್ಯೆ ನಾನೊಬ್ಬಳೇ ಕತ್ತಲಲ್ಲಿ ತಡಕಾಡಬೇಕು. ಪ್ರೋಬ್ ಹಿಡಿಯೋದನ್ನ ನೋಲ್ವಿಯಾಗೆ ಕಲಿಸಿದ್ದು ನಾನು. ಈಗ ಅವರು ಸುತ್ತು ಮುಗಿಸೋವರೆಗೆ ನನಗೂ ಸಮಾಧಾನ ಇಲ್ಲ" ಎನ್ನುತ್ತಾರೆ.

ನೋಲ್ವಿಯಾ ಹದಿನಾರನೇ ವಯಸ್ಸಿಗೇ ಬಾಳೆಹಣ್ಣು ಪ್ಯಾಕ್ ಮಾಡುವ ಶೆಡ್ಡು ಸೇರಿದವರು. ದಿನವಿಡೀ ನೀರಿನ ತೊಟ್ಟಿಯಲ್ಲಿ ಕೈ. ಅಲ್ಲಿಂದ ಬಿಟ್ಟು ನರ್ಸಿಂಗ್ ಸಹಾಯಕಿಯ ತರಬೇತಿ ಪಡೆದರು. ಇಷ್ಟು ವರ್ಷವಾದರೂ ಕೆಲಸ ಕಾಯಂ ಆಗಿಲ್ಲ, ಮೂರು ತಿಂಗಳಿಗೊಮ್ಮೆ ಗುತ್ತಿಗೆ ಮುಗಿಯುತ್ತದೆ. ಬೆಳಗಿನ ತಿಂಡಿ ನಿಂತಲ್ಲೇ, ಬೀನ್ಸ್ ಸವರಿ ಮಡಚಿದ ಒಂದು ಬಲೇಯಾದಾ ರೊಟ್ಟಿ. ಅದನ್ನೂ ಇವತ್ತು ಗೋಡೆಗೆ ಒರಗಿ ಕೂತ ಅಜ್ಜನಿಗೆ ಕೊಟ್ಟಾಯಿತು.

ಮೈ ಉರಿಯುವ ಸಂಗತಿ ಇನ್ನು ಮುಂದಿದೆ. ಡೆಂಗಿ ಹಾವಳಿ ಮುಗಿಯಿತೆಂದು ಹೋದ ವಾರ ರೇಡಿಯೋದಲ್ಲಿ ಘೋಷಣೆಯಾಗಿದೆ. ಸೊಳ್ಳೆಗಳು ರೇಡಿಯೋ ಕೇಳುವುದಿಲ್ಲ ಎಂಬುದು ಆಸ್ಪತ್ರೆಯ ಆಡಳಿತಾಧಿಕಾರಿಗೆ ಗೊತ್ತಿದ್ದಂತಿಲ್ಲ. ವಾರ್ಡಿನ ಈ ಒಂದೇ ಯಂತ್ರ ಇವತ್ತೇ ಮೇಲಿನ ಮಹಡಿಗೆ, ದುಡ್ಡು ಕೊಟ್ಟು ಮಲಗುವವರ ವಿಭಾಗಕ್ಕೆ ಹೋಗಬೇಕಂತೆ. ಅಲ್ಲಿ ಆಗಲೇ ಒಂದಿದೆ! ಹುಟ್ಟಲಿರುವ ಮಗುವಿನ ಮುಖ ನೋಡಲು ಬರುವವರು ಸರದಿಯಲ್ಲಿ ಕಾಯಬೇಕಾಗುತ್ತದೆಂದು ಎರಡನೆಯದು. ಕೆಳಗೆ ಉಸಿರಿಗಾಗಿ ಒದ್ದಾಡುವವರು ಕಾಯಬಹುದು, ಅವರು ಕಾದು ಅಭ್ಯಾಸವಾದವರು ನೋಡಿ! ನಾಚಿಕೆ ಮಾನ ಮರ್ಯಾದೆ ಎಂಬುದು ಇದ್ದರೆ ಇಂಥ ಆದೇಶ ಬಾಯಿಂದ ಹೊರಡುತ್ತಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ಅಟೆಂಡರ್ ಇಲಾರಿಯೋ ಬರುತ್ತಾನೆ. "ಅಕ್ಕಾ, ನನ್ನ ಮೇಲೆ ಸಿಟ್ಟು ಮಾಡ್ಕೋಬೇಡಿ. ಸಾಹೇಬ್ರು ತಗೊಂಡ್ಬಾ ಅಂದ್ರು" ಎಂದು ಪ್ಲಗ್ಗಿಗೆ ಕೈ ಹಾಕುತ್ತಾನೆ. ಅಷ್ಟರಲ್ಲಿ ದೋನ್ಯಾ ತ್ರಾನ್ಸಿತೋ ಎದ್ದು ಬಂದು ಯಂತ್ರಕ್ಕೆ ಅಡ್ಡ ನಿಲ್ಲುತ್ತಾರೆ. ಹಿಂದೆ ಮಗಳು ದಿಂಬಿಗೆ ಒರಗಿ, ಬೆಳಗಿನಿಂದ ಮೊದಲ ಸಲ ಬಾಯಿ ಮುಚ್ಚಿಕೊಂಡು ಉಸಿರಾಡುತ್ತಿದ್ದಾಳೆ.

"ಮುಟ್ಟು ನೋಡೋಣ! ಸಾಯಂಕಾಲ ಇವಳ ನರ ಇನ್ನೊಂದ್ಸಲ ನೋಡ್ಬೇಕು ಅಂದಿದಾರೆ ಡಾಕ್ಟ್ರು. ಈ ಸಾಲಲ್ಲಿ ಮಲಗಿರೋರದ್ದೂ ನೋಡ್ಬೇಕು. ನಿಮ್ಮ ಸಾಹೇಬ್ರಿಗೆ ಅಷ್ಟು ಬೇಕಿದ್ರೆ ಅವರೇ ಮೆಟ್ಟಿಲು ಇಳಿದು ಬರ್ಲಿ."

ಗೋಡೆಗೆ ಒರಗಿದ್ದವರೂ ಒಬ್ಬೊಬ್ಬರಾಗಿ ಏಳುತ್ತಾರೆ. ಇಲಾರಿಯೋ ಪ್ಲಗ್ಗು ಬಿಟ್ಟು, "ಯಂತ್ರ ಬಿಜಿ ಇದೆ ಅಂತೀನಿ, ನಾಳೆ ಮತ್ತೆ ಕಳಿಸ್ತಾರೆ ಅಷ್ಟೇ" ಎಂದು ಹಿಂದಿರುಗುತ್ತಾನೆ. ನಾಳೆ ಇವರಲ್ಲಿ ಅರ್ಧ ಜನ ಮನೆಗೆ ಹೋಗಿರುತ್ತಾರೆ. ಅಡ್ಡ ನಿಲ್ಲುವವರು ಯಾರಿರುತ್ತಾರೋ ಹೇಳುವಂತಿಲ್ಲ.

ನಮ್ಮ ಪತ್ರಿಕೆಗೆ ಒಂದು ಫೋಟೋ ಬೇಕೆಂದು ನಾನು ಕ್ಯಾಮೆರಾ ಎತ್ತಿದರೆ ನೋಲ್ವಿಯಾ ಪಕ್ಕಕ್ಕೆ ಸರಿಯುತ್ತಾರೆ.

"ನನ್ನದು ಬೇಡ. ಯಂತ್ರದ್ದು ತೆಗೀರಿ. ಈ ವಾರ್ಡು, ಈ ಮಂಚಗಳು, ಎಲ್ಲಾ ಸ್ಪಷ್ಟವಾಗಿ ಬರ್ಲಿ. ಇದು ಇಲ್ಲಿತ್ತು ಅಂತ ಊರಿಗೆಲ್ಲ ಗೊತ್ತಾದ ಮೇಲೆ ಹೇಗೆ ಮೇಲಕ್ಕೆ ಒಯ್ತಾರೆ ನಾನೂ ನೋಡ್ತೀನಿ."