ಪಂಜಾ ಇಲ್ಲದ ಮೊಹರಮ್

ದಾಂಡೇಲಿಗೆ ಬಂದ ವರ್ಷ, ಮೊಹರಮ್ ಇನ್ನು ನಾಲ್ಕು ದಿನವಿದೆ ಎನ್ನುವಾಗ, ಪಕ್ಕದ ಮನೆಯ ಮೆಹಬೂಬಿ ಅಕ್ಕಾರನ್ನು ಕೇಳಿದೆ: "ಅಕ್ಕಾರ, ಇಲ್ಲಿ ಅಲಾಯಿ ದೇವ್ರು ಎಲ್ಲಿ ಕುಂಡ್ರತಾವ್ರಿ? ನಂದೊಂದು ಹರಕಿ ಐತಿ."

ಅವರು ಹೊಲಿಗೆ ಯಂತ್ರ ನಿಲ್ಲಿಸಿ ನನ್ನ ಹಣೆಯ ವಿಭೂತಿಯನ್ನೊಮ್ಮೆ ನೋಡಿದರು. "ನಮ್ಮ ಓಣ್ಯಾಗ ಕುಂಡ್ರಸಂಗಿಲ್ಲ, ತಂಗಿ. ನಾವು ರೋಜಾ ಇರ್ತೇವಿ, ನಮಾಜ್ ಮಾಡ್ತೇವಿ. ಅಷ್ಟ."

ನನಗೆ ನಂಬಿಕೆ ಬರಲಿಲ್ಲ. ನವಲಗುಂದದ ಕಡೆಯ ನಮ್ಮ ಹಳ್ಳಿಯಲ್ಲಿ ಮುಸಲ್ಮಾನರ ಮನೆ ಮೂರೇ ಮೂರು. ಆದರೆ ಮೊಹರಮ್ ಇಡೀ ಊರಿನದು. ಅಲಾಯಿ ದೇವರೆಂದು ಬೆಳ್ಳಿಯ ಹಸ್ತದಂಥ ಪಂಜಾಗಳನ್ನು ಮಸೀದಿಯಲ್ಲಿ ಕೂರಿಸುತ್ತಾರೆ. ಎದುರಿಗೆ ಬೆಂಕಿಯ ಕುಣಿ, ಹಲಗೆ, ಹೆಜ್ಜೆ ಕುಣಿತ. ಹರಕೆ ಹೊತ್ತವರು ಕೆಂಪು ದಾರ ಹಾಕಿಕೊಂಡು ಫಕೀರರಾಗುತ್ತಾರೆ. ಮನೆಮನೆಯಲ್ಲೂ ಚೊಂಗೆ, ಅಂದರೆ ಬೆಲ್ಲ ಹಾಕಿದ ಸಿಹಿ ರೊಟ್ಟಿ. ನನ್ನ ಮಗಳು ಸುಮಾ ಎಂಟು ತಿಂಗಳ ಕೂಸಿದ್ದಾಗ ಉಸಿರು ಕಟ್ಟಿ ಹುಬ್ಬಳ್ಳಿಯ ಆಸ್ಪತ್ರೆ ಸೇರಿದ್ದಳು. ಅವಳು ಉಳಿದರೆ ಪ್ರತಿ ವರ್ಷವೂ ಅಲಾಯಿ ದೇವರಿಗೆ ಸಕ್ಕರೆ ಒಯ್ಯುತ್ತೇನೆಂದು ಆಗ ಬೇಡಿಕೊಂಡಿದ್ದೆ. ಏಳು ವರ್ಷ ತಪ್ಪಿರಲಿಲ್ಲ. ಈ ಸಲ ಮನೆಯವರಿಗೆ ಕಾಗದದ ಕಾರ್ಖಾನೆಯಲ್ಲಿ ಹೊಸ ಕೆಲಸ, ರಜೆ ಇಲ್ಲ. ಮಗಳಿಗೆ ಶಾಲೆ ಶುರುವಾಗಿತ್ತು. ಊರಿಗೆ ಹೋಗುವುದು ಸಾಧ್ಯವಿರಲಿಲ್ಲ.

ದಾಂಡೇಲಿ ನನಗೆ ಮೊದಲೇ ಒಗ್ಗಿರಲಿಲ್ಲ. ನಮ್ಮ ಕಡೆ ಕಣ್ಣು ಹಾಯಿಸಿದಷ್ಟು ದೂರ ಎರೆಹೊಲ. ಇಲ್ಲಿ ಯಾವ ದಿಕ್ಕಿಗೆ ತಿರುಗಿದರೂ ಮರ ಅಡ್ಡ. ತರಕಾರಿ ಮಾರುವವಳು ಕೊಂಕಣಿಯಲ್ಲಿ ಬೆಲೆ ಹೇಳುತ್ತಾಳೆ, ಕಿರಾಣಿ ಅಂಗಡಿಯವನು ಮರಾಠಿಯಲ್ಲಿ. ನನ್ನ ಮಾತು ನನ್ನ ಮಾತಿನಂತೆಯೇ ಕೇಳುತ್ತಿದ್ದುದು ಮೆಹಬೂಬಿ ಅಕ್ಕಾರ ಬಾಯಲ್ಲಿ ಮಾತ್ರ. ಅವರ ತವರು ಹಳಿಯಾಳದ ಹತ್ತಿರದ ತೇರಗಾಂವ.

"ನಮ್ಮಜ್ಜ ಪಂಜಾ ಹಿಡೀತಿದ್ದ," ಎಂದರು ಅವರು. "ಈ ಮನಿಗೆ ಬಂದ ಮ್ಯಾಲ ನಾನೂ ರೋಜಾ ಕಲತೆ. ಒಂಬತ್ತನೇ ದಿನ, ಹತ್ತನೇ ದಿನ."

"ರೋಜಾ ಅಂದ್ರ ರಂಜಾನ್‌ದಾಗ ಅಲ್ಲೇನ್ರಿ?"

"ಅದು ಫರ್ಜ್. ಬಿಡಂಗಿಲ್ಲ. ಇದು ನಫಿಲ್. ಮನಸ್ಸಿದ್ರ ಇರೂದು, ಇಲ್ಲಂದ್ರ ಇಲ್ಲ."

ಯಾರೂ ಒತ್ತಾಯ ಮಾಡದ ಉಪವಾಸವನ್ನು ಯಾಕೆ ಹಿಡಿಯುತ್ತಾರೆಂದು ಕೇಳಿದೆ. ಮೂಸಾ ಪೈಗಂಬರರ ಜನ ಕ್ರೂರ ರಾಜನಿಂದ ತಪ್ಪಿಸಿಕೊಂಡು ಸಮುದ್ರ ದಾಟಿದ್ದು ಆ ಹತ್ತನೆಯ ದಿನವಂತೆ, ಅದಕ್ಕೆ ಕೃತಜ್ಞತೆ. ಹುಸೇನರು ಕಾಳಗದಲ್ಲಿ ಮಡಿದದ್ದೂ ಅದೇ ದಿನ. ಹುಸೇನರ ಹಾಡು ನಮ್ಮೂರಿನ ಹೆಣ್ಣುಮಕ್ಕಳ ಬಾಯಲ್ಲಿ ಕೇಳಿ ಬೆಳೆದವಳು ನಾನು. ಸಮುದ್ರದ ಕಥೆ ಮಾತ್ರ ಗೊತ್ತೇ ಇರಲಿಲ್ಲ.

"ಹಂಗಾರ ನಾನೂ ಹತ್ತನೇ ದಿನ ಇರ್ಲೇನ್ರಿ? ಹರಕಿ ಸಲುವಾಗಿ?"

ಅವರು ಸೂಜಿಗೆ ದಾರ ಪೋಣಿಸುತ್ತ ಹೇಳಿದರು: "ನಾ ಓದಿದಾಕಿ ಅಲ್ಲ. ನಿಂದು ಹೆಂಗ ಲೆಕ್ಕಕ್ಕ ಬರ್ತೈತೋ ಗೊತ್ತಿಲ್ಲ. ಆದ್ರ ಬ್ಯಾಡ ಅನ್ನಾಕೂ ನಾ ಯಾರು?"

ಹತ್ತನೆಯ ದಿನ ನಸುಕಿನಲ್ಲಿ ಅವರು ಗೋಡೆ ತಟ್ಟಿ ಎಬ್ಬಿಸಿದರು. ರೊಟ್ಟಿ, ಮೊಸರು ತಿಂದು ಎರಡು ಲೋಟ ನೀರು ಕುಡಿದೆ. ನಮ್ಮ ಶ್ರಾವಣ ಸೋಮವಾರಕ್ಕೆ ಸಾಬೂದಾಣಿ ಇರುತ್ತದೆ, ಬಾಳೆಹಣ್ಣು ಇರುತ್ತದೆ, ಚಹಕ್ಕಂತೂ ತಡೆಯೇ ಇಲ್ಲ. ಇಲ್ಲಿ ಗುಟುಕು ನೀರೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಹಸಿವು ಮರೆತುಹೋಗಿ, ಹೊರಗೆ ಸುರಿಯುವ ಮಳೆಯ ನೀರೊಂದೇ ಕಿವಿ ತುಂಬಿತು.

ಮೂರು ಗಂಟೆಗೆ ಮನೆಯವರು ಪಾಳಿ ಮುಗಿಸಿ ಬಂದರು. ಚಹ ಮಾಡಿ ಅವರಿಗೆ ಕೊಟ್ಟೆ, ನನಗೂ ಬಗ್ಗಿಸಿಕೊಂಡೆ. ಅರ್ಧ ಕಪ್ಪು ಒಳಗೆ ಹೋದ ಮೇಲೆ ನೆನಪಾಯಿತು.

ಕಪ್ಪನ್ನು ಕೆಳಗಿಟ್ಟೆ. ಊರಿಗೂ ಹೋಗಲಿಲ್ಲ, ಇಲ್ಲಿಯದನ್ನೂ ಕೆಡಿಸಿದೆ. ಹರಕೆ ಮುರಿದವರ ಮನೆಯಲ್ಲಿ ಏನೇನಾಯಿತೆಂಬ ಕಥೆಗಳನ್ನೆಲ್ಲ ಕೇಳಿಯೇ ಬೆಳೆದವಳು ನಾನು. ಮೂಲೆಯಲ್ಲಿ ಬರೆಯುತ್ತ ಕುಳಿತಿದ್ದ ಸುಮಾ ಒಮ್ಮೆ ಕೆಮ್ಮಿದಳು. ನಾನು ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಓಡಿದೆ.

ಮೆಹಬೂಬಿ ಅಕ್ಕಾರು ನಮಾಜಿನ ಚಾಪೆ ಮಡಿಸುತ್ತಿದ್ದರು. ನಾನು ಅಳುತ್ತ ಹೇಳಿದ್ದನ್ನು ಪೂರ್ತಿ ಕೇಳಿದರು.

"ಬೇಕಂತ ಕುಡದೇನು?"

"ಇಲ್ರಿ. ಮರತೆ."

"ಮರತು ಕುಡದ್ರ ರೋಜಾ ಮುರಿಯಂಗಿಲ್ಲ. ಅಲ್ಲಾನ ನಿನಗ ಚಹ ಕುಡಿಸ್ಯಾನ ಅಂತ ತಿಳಕೋ. ಹೋಗು, ಇನ್ನ ಮ್ಯಾಲ ಹುಷಾರಿರು."

ಮರೆತವರಿಗೆ ದೇವರೇ ಕುಡಿಸುತ್ತಾನೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಂದೇ. ನಾನು ಕಂಡ ದೇವರುಗಳೆಲ್ಲ ತಪ್ಪಿದ್ದನ್ನು ನೆನಪಿಟ್ಟುಕೊಳ್ಳುವವರು. ಮನೆಗೆ ಬಂದು ಉಳಿದ ಚಹವನ್ನು ಚೆಲ್ಲಿ ಚೊಂಗೆಗೆ ಹಿಟ್ಟು ನಾದಿದೆ.

ಸಂಜೆ ಮಸೀದಿಯ ಬಾಂಗ್ ಕೇಳಿದಾಗ ಮೆಹಬೂಬಿ ಅಕ್ಕಾರು ನನ್ನ ಅಂಗೈಗೆ ಒಂದು ಖರ್ಜೂರ ಇಟ್ಟರು. ನಾನು ತಂದ ಚೊಂಗೆ ಮುರಿದು ತಿಂದು, "ನಮ್ಮವ್ವ ಮಾಡ್ತಿದ್ದಳು," ಎಂದರು. ಆಮೇಲೆ ಎರಡೂ ಕೈ ಎತ್ತಿ ಉರ್ದುವಿನಲ್ಲಿ ಏನೋ ಬೇಡಿಕೊಂಡರು. ಅದರೊಳಗೆ ಸುಮಾಳ ಹೆಸರು ಬಂದದ್ದು ಮಾತ್ರ ನನಗೆ ತಿಳಿಯಿತು.

ಮರುವರ್ಷ ರಜೆ ಸಿಕ್ಕಿತು, ಊರಿಗೆ ಹೋದೆವು. ಪಂಜಾದ ಮುಂದೆ ಸಕ್ಕರೆ ಇಟ್ಟು ಮುಲ್ಲಾನಿಂದ ಪ್ರಾರ್ಥನೆ ಓದಿಸಿದೆ, ಕುಣಿಯ ಸುತ್ತ ಐದು ಸುತ್ತು ಹಾಕಿದೆ. ಅಷ್ಟಾದರೂ ಬೆಳಗಿನಿಂದ ಬಾಯಿಗೆ ನೀರು ಹಾಕಿರಲಿಲ್ಲ. ಅವ್ವ ಚೊಂಗೆಯ ತಟ್ಟೆ ಹಿಡಿದು ಹಿಂದೆ ಹಿಂದೆ ತಿರುಗಿದಳು. ಹೊತ್ತು ಮುಳುಗಲಿ ಎಂದೆ. ಮಸೀದಿಯ ಮುಲ್ಲಾನ ಹೆಂಡತಿಯೇ ನಕ್ಕು, "ನಾವ ತಿಂದು ಕುಂತೇವಿ, ನಿಂದೇನವಾ ಇದು?" ಎಂದಳು.

ಬಯಲಿನಲ್ಲಿ ಸೂರ್ಯ ಇಳಿಯಲು ಬಹಳ ಹೊತ್ತು ಬೇಕು. ಕಟ್ಟೆಯ ಮೇಲೆ ಕುಳಿತು ದಾಂಡೇಲಿ ಇರುವ ಪಡುವಣಕ್ಕೆ ಮುಖ ಮಾಡಿದ್ದೆ.

"ಏನ ನೋಡಾಕತ್ತೀ?" ಎಂದಳು ಅವ್ವ.

"ನಮ್ಮ ಮನಿ ಕಡೆ ಹೊತ್ತು ಮುಣಗಿತೇನೋ ಅಂತ."

ಅವ್ವ ತಟ್ಟೆಗೆ ಸೆರಗು ಮುಚ್ಚಿ ನನ್ನ ಪಕ್ಕದಲ್ಲೇ ಕುಳಿತಳು. "ಇದೂ ನಿಮ್ಮ ಮನೀನ," ಎಂದಳು. ಅವಳು ಹೇಳಿದ್ದು ನಿಜ. ನಾನು ಹೇಳಿದ್ದೂ ಸುಳ್ಳಾಗಿರಲಿಲ್ಲ.