ಟವೆಲ್ ಕೆಳಗೆ ಡಾಕ್ಟರ ಕೈ

ಮಾವಿನ ವ್ಯಾಪಾರದಲ್ಲಿ ನಾನು ಕಲಿತ ಮೊದಲ ಪಾಠ, ಬೆಲೆ ಬಾಯಿಂದ ಬರಬಾರದು. ಮಾರುವವನ ಕೈ, ಕೊಳ್ಳುವವನ ಕೈ, ಮೇಲೊಂದು ಟವೆಲ್. ಒಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣಬೇಕು. ಈಗ ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಕೂಗಿಯೇ ವ್ಯಾಪಾರ ಮುಗಿಸುತ್ತಾರೆ. ಆದರೂ ನನ್ನ ಹೆಗಲ ಮೇಲಿನ ಟವೆಲ್ ಇಳಿದಿಲ್ಲ.

ಈ ವಿದ್ಯೆ ಕಲಿಸಿದವಳು ನಮ್ಮಕ್ಕ. ಬೈರಕೂರಿನ ಹತ್ತಿರ ಅವಳ ತೋಟ. ಭಾವ ತೀರಿಕೊಂಡ ಮೇಲೆ ಕಾಯಿ ತಂದವಳೂ ಅವಳೇ, ಮಾರಿದವಳೂ ಅವಳೇ. ಹೆಂಗಸಿನ ಕೈ ಹೆಂಗಮ್ಮ ಹಿಡಿಯೋದು ಅಂತ ಒಬ್ಬ ಹಿಂಜರಿದಾಗ, "ನಿನ್ನ ಕರೆದದ್ದು ಕೈ ಹಿಡಿಯೋಕಲ್ಲ ಕಣಯ್ಯಾ, ಬೆಲೆ ಹಿಡಿಯೋಕೆ" ಅಂದಿದ್ದಳು.

ಬೀಡಿಯ ಹೊಗೆಗೂ ಮೂಗು ಮುಚ್ಚುತ್ತಿದ್ದ ಅಕ್ಕನಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಗಡ್ಡೆಯ ಚೂರು ಪರೀಕ್ಷೆ ಮಾಡಿದ ಡಾಕ್ಟರು, ಜೀನ್‌ನಲ್ಲಿ ಬದಲಾವಣೆ ಇದೆ, ಅದಕ್ಕೇ ಗುರಿಯಿಟ್ಟ ಮಾತ್ರೆ ಇದೆ ಅಂದರು. ದಿನಕ್ಕೊಂದು ಮಾತ್ರೆ. ಒಂದು ಮಾವಿನ ಸೀಸನ್ ದಾಟಿ ಇನ್ನೊಂದರ ಹೂವು ಬರುವ ತನಕ ಅಕ್ಕ ತೋಟದಲ್ಲಿ ಓಡಾಡಿಕೊಂಡಿದ್ದಳು. ಆಮೇಲೆ ಕೆಮ್ಮು ವಾಪಸ್ಸು ಬಂತು.

ಹೊಸ ದಾರಿ ಇದೆ ಅಂತ ಬೆಂಗಳೂರಿನ ಆಸ್ಪತ್ರೆಯಿಂದ ಕರೆ. ಅಕ್ಕ, "ಸಾಕು ಬಿಡೋ" ಅಂದಳು. ನಾನು ಬಿಡಲಿಲ್ಲ. ಒಪ್ಪಿಸಿ ಸಹಿ ಹಾಕಿಸಿಯೇ ಬರೋದು ಅಂತ ಕಾರು ಹತ್ತಿಸಿದೆ.

ಡಾಕ್ಟರು ಮಂಗಳೂರು ಕಡೆಯ ಹುಡುಗಮುಖದವರು. ಕಾಗದದ ಮೇಲೆ ಚಿತ್ರ ಬರೆದು ಹೇಳಿದರು: ಮಾತ್ರೆ ನಿಲ್ಲಿಸುವುದಿಲ್ಲ. ಅದರ ಜೊತೆಗೆ ಮೂರು ವಾರಕ್ಕೊಮ್ಮೆ ಡ್ರಿಪ್. ಡ್ರಿಪ್‌ನಲ್ಲಿರುವ ಆ್ಯಂಟಿಬಾಡಿ ಕ್ಯಾನ್ಸರ್ ಕಣದ ಮೈಮೇಲಿನ ಗುರುತು ಹುಡುಕಿ ಅಂಟಿಕೊಳ್ಳುತ್ತದೆ. ಅದರ ಬೆನ್ನಿಗೆ ಕೀಮೋ ಔಷಧಿ ಕಟ್ಟಿರುತ್ತಾರೆ. ಕಣ ಅದನ್ನು ಒಳಗೆ ಎಳೆದುಕೊಂಡ ಮೇಲೆ ಗಂಟು ಬಿಚ್ಚುತ್ತದೆ. ಎರಡನ್ನೂ ಸೇರಿಸಿ ಕೊಡುವುದು ಇನ್ನೂ ಅಧ್ಯಯನದ ಹಂತದಲ್ಲಿದೆ, ಒಪ್ಪಿಗೆ ಬೇಕು.

ನನಗೆ ಅರ್ಧ ತಿಳಿಯಿತು. ಅಕ್ಕನಿಗೆ ಪೂರ್ತಿ.

"ಹುಳಕ್ಕೆ ತೌಡು ಬೆಲ್ಲ ಕಲಸಿ ಇಡ್ತೀವಲ್ಲ, ಹಂಗೆ. ವಿಷ ಒಳಗಿರುತ್ತೆ, ಹುಳವೇ ಬಂದು ತಿನ್ನುತ್ತೆ. ಪಕ್ಕದ ಕೋಳಿ ತಿಂದ್ರೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದೇ ಪ್ರಶ್ನೆ ನೋಡಿ ಅಮ್ಮ. ಸ್ವಲ್ಪ ಔಷಧಿ ಒಳ್ಳೆ ಕಣಗಳಿಗೂ ತಾಗ್ತದೆ. ಬಾಯಿ ಹುಣ್ಣಾಗಬಹುದು, ಕಣ್ಣು ಉರಿಯಬಹುದು, ಸುಸ್ತು, ವಾಂತಿ. ಅಪರೂಪಕ್ಕೆ ಶ್ವಾಸಕೋಶದಲ್ಲೇ ಉರಿಯೂತ, ಅದು ಅಪಾಯ."

ಪಟ್ಟಿ ಕೇಳಿದ ಕೂಡಲೇ ನನ್ನ ನಾಲಿಗೆ ತಾನಾಗಿ ಮಂಡಿಯ ಚೌಕಾಸಿಗೆ ಇಳಿಯಿತು. "ಸುಸ್ತು, ವಾಂತಿ ನಮಗಿರಲಿ ಸಾರ್. ಬಾಯಿ ಹುಣ್ಣೂ ಒಪ್ಪಿದ್ವಿ. ಕಣ್ಣು ಬಿಟ್ಟುಬಿಡಿ."

"ಹಾಗೆ ಬಿಡ್ಲಿಕ್ಕೆ ಬರುದಿಲ್ಲ ಮಾರಾಯ್ರೆ."

"ಹೋಗ್ಲಿ, ಒಂದೇ ಕಣ್ಣು?"

"ಏಮ್ರಾ," ಅಂದಳು ಅಕ್ಕ ನಮ್ಮ ಗಡಿ ಕಡೆಯ ತೆಲುಗಿನಲ್ಲಿ, "ನಂದೇ ಕಣ್ಣಲ್ವೇನೋ ಅದು?"

ಓದುವವರಿಗೆ ಒಂದು ಬುದ್ಧಿಮಾತು: ಆಸ್ಪತ್ರೆಯಲ್ಲಿ ಚೌಕಾಸಿ ಮಾಡಬೇಡಿ, ಪ್ರಶ್ನೆ ಕೇಳಿ. ಯಾವ ತೊಂದರೆ ಬಂದರೆ ಯಾವ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ ಬರೆಸಿಕೊಳ್ಳಿ. ಇದು ನನಗೆ ಆಮೇಲೆ ಹೊಳೆದದ್ದು. ಆಗ ಹೊಳೆದದ್ದು ಬೇರೆ. ಎಷ್ಟು ದಿನ ಸಿಗುತ್ತೆ ಅಂತ ಕೇಳಬೇಕು, ಅಕ್ಕನ ಕಿವಿಗೆ ಬೀಳಬಾರದು. ಟವೆಲ್ ತೆಗೆದು ಡಾಕ್ಟರ ಬಲಗೈ ಮೇಲೆ ಹೊದಿಸಿ ಒಳಗೆ ಕೈ ಹಾಕಿದೆ. ಅವರ ಕಿವಿಯ ಹತ್ತಿರ ಬಗ್ಗಿ, "ತಿಂಗಳಿಗೊಂದು ಬೆರಳು ಲೆಕ್ಕ ಸಾರ್, ಸುಮ್ನೆ ಹಿಡೀರಿ" ಅಂದೆ.

ಡಾಕ್ಟರು ಅಲ್ಲಾಡಲಿಲ್ಲ. ಬಾಗಿಲಲ್ಲಿ ನಿಂತ ನರ್ಸಮ್ಮ ಫೈಲನ್ನು ಎದೆಗೆ ಒತ್ತಿಕೊಂಡರು. ನಾನು ಕಾದೆ. ಒಂದು ಬೆರಳೂ ಹಿಡಿಯಲಿಲ್ಲ ಪುಣ್ಯಾತ್ಮ. ಬೆರಳೇ ಕೊಡದ ಮಾರಾಟಗಾರನನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಗೊತ್ತಿಲ್ಲ," ಅಂದರು ಕೊನೆಗೆ, ಜೋರಾಗಿಯೇ. "ಕೆಲವರಿಗೆ ಚೆನ್ನಾಗಿ ಹಿಡಿತದೆ, ಕೆಲವರಿಗೆ ಇಲ್ಲ. ಸುಳ್ಳು ಲೆಕ್ಕ ನಾನು ಕೊಡುದಿಲ್ಲ."

"ಲೇ, ಏಳೋ," ಅಂದಳು ಅಕ್ಕ. "ನನ್ನ ಮಾಲಿಗೆ ನೀನ್ಯಾಕೋ ದಲ್ಲಾಳಿ?" ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತು, ಟವೆಲ್ ಸರಿಮಾಡಿ, ಕೈ ಒಳಗೆ ಹಾಕಿದಳು. ಬಹಳ ಹೊತ್ತು. ಟವೆಲ್ ಅಲ್ಲಾಡಲೇ ಇಲ್ಲ. ಆಮೇಲೆ ಕೈ ತೆಗೆದು, "ಎಲ್ಲಿ, ಸಹಿ ಎಲ್ಲಿ ಹಾಕ್ಬೇಕು?" ಅಂದಳು.

ವಾಪಸ್ಸು ಬರುವಾಗ ಕೋಲಾರ ದಾಟುವ ತನಕ ಕೇಳಿದೆ. ಏನು ಕುದುರಿತು ಅಂತ ಹೇಳಲಿಲ್ಲ. "ಟವೆಲ್ ಒಳಗಿನ ಮಾತು ಬೀದೀಲಿ ಹೇಳೋರುಂಟೇನೋ?"

ಎರಡನೇ ಡ್ರಿಪ್ ಆದ ಮೇಲೆ ಬಾಯೆಲ್ಲ ಹುಣ್ಣು. ರಾಗಿ ಗಂಜಿ ಆರಿಸಿ ಕೊಡುತ್ತಿದ್ದೆ, ಆಸ್ಪತ್ರೆಯವರು ಕೊಟ್ಟ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದಳು. ನಾನೇ ಎಳೆದುಕೊಂಡು ಹೋಗಿ ಇಷ್ಟು ಪಾಡು ಪಡಿಸಿದೆನಲ್ಲ ಅಂತ ಮುಖ ತಿರುಗಿಸಿಕೊಂಡಿದ್ದೆ. ಆಗ ಅವಳೇ, ತುಟಿ ಹೆಚ್ಚು ಅಲ್ಲಾಡಿಸದೆ, ಹೇಳಿದಳು:

"ಆವತ್ತು ಏನೂ ಕೇಳಲಿಲ್ಲ ಕಣೋ. ಕೈ ಹಿಡ್ಕೊಂಡು ನೋಡ್ದೆ ಅಷ್ಟೆ. ಆ ಹುಡುಗನ ಅಂಗೈ ಬೆವೆತು ಒದ್ದೆಯಾಗಿತ್ತು. ನಂಗಿಂತ ಅವನಿಗೇ ಭಯ. ಹಂಗೆ ಭಯ ಇರೋನು ಮಾಲನ್ನ ಬಿಸಿಲಲ್ಲಿ ಬಿಟ್ಟು ಹೋಗಲ್ಲ."

ನಲವತ್ತು ವರ್ಷದಿಂದ ಬೆರಳು ಎಣಿಸುತ್ತಿದ್ದೇನೆ. ಅಂಗೈ ನೋಡಬೇಕು ಅಂತ ನನಗೆ ಹೊಳೆದಿರಲಿಲ್ಲ.

ಮುಂದಿನ ಡ್ರಿಪ್‌ಗೆ ಔಷಧಿಯ ಪ್ರಮಾಣ ಸ್ವಲ್ಪ ಇಳಿಸಿದರು. ಆಮೇಲೆ ಸ್ಕ್ಯಾನ್. ಡಾಕ್ಟರು ಪರದೆ ನಮ್ಮ ಕಡೆ ತಿರುಗಿಸಿ, ಗಡ್ಡೆ ಕುಗ್ಗಿದೆ, ಹೋಗಿಲ್ಲ, ಎರಡೂ ಔಷಧಿ ಮುಂದುವರಿಸೋಣ ಅಂದರು. ನಾನು ಕೈ ಮುಗಿದೆ. ಅಕ್ಕ ಮಾತ್ರ ಕೈ ಚಾಚಿ ನನ್ನ ಹೆಗಲಿನ ಟವೆಲ್ ಎಳೆದುಕೊಂಡಳು.

"ಮೂರು ವಾರಕ್ಕೊಂದು ಅಂತೀರಲ್ಲಪ್ಪ. ಮುಂದಿನ ತಿಂಗಳು ನಮ್ಮ ತೋತಾಪುರಿ ಕೊಯ್ಲು, ಆ ವಾರದ ಡ್ರಿಪ್ ಮುಂದಕ್ಕೆ ಹಾಕ್ಬೇಕು. ಬನ್ನಿ, ಕೈ ಕೊಡಿ, ಮಾತಾಡೋಣ."

ಡಾಕ್ಟರು ಎರಡೂ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು.