ಗಂಗಕ್ಕ ಕೊಟ್ಟ ಮಾತ್ರೆ

ಬಸವೇಶ್ವರನಗರದ ಒಂದು ಪುಟ್ಟ ಕ್ಲಿನಿಕ್ಕಿನಲ್ಲಿ ಕಸ ಗುಡಿಸುತ್ತಾ, ನೆಲ ಒರೆಸುತ್ತಾ ಚಿಕ್ಕಗಂಗಮ್ಮ ಹದಿನಾರು ವರ್ಷ ಕಳೆದಿದ್ದಳು. ವಠಾರದವರಿಗೆ ಅಷ್ಟೇ ಸಾಕಾಗಿತ್ತು. ತಲೆನೋವೋ ಸೊಂಟನೋವೋ, ಮೊದಲು ಅವಳ ಬಾಗಿಲನ್ನೇ ತಟ್ಟುವರು. 'ನಮ್ ಗಂಗಕ್ಕ ಅರ್ಧ ಡಾಕ್ಟ್ರು' ಎಂದು ಯಾರಾದರೂ ಅಂದರೆ ಬಾಯಲ್ಲಿ ಹೋಗಿ ಹೋಗಿ ಎನ್ನುವಳು, ಒಳಗೊಳಗೇ ಉಬ್ಬುವಳು. ಉಬ್ಬಲಿ ಬಿಡಿ, ಜೀವಮಾನವೆಲ್ಲ ಬೇರೆಯವರ ನೆಲ ಒರೆಸಿದವಳಿಗೆ ಅಷ್ಟೂ ಬೇಡವೇ?

ಗಂಡ ಹನುಮಯ್ಯ ಅದೇ ರಸ್ತೆಯಲ್ಲಿ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟವನು. ದಿನವಿಡೀ ನಿಂತೇ ಕೆಲಸ, ಮಂಡಿ ಹಿಡಿದುಕೊಂಡಿತು. ಕ್ಲಿನಿಕ್ಕಿನ ಡಾಕ್ಟರು ನೋವಿಗೊಂದು ಮಾತ್ರೆ, ಹೊಟ್ಟೆ ಕೆಡದ ಹಾಗೆ ಇನ್ನೊಂದು, ಐದು ದಿನಕ್ಕೆ ಮಾತ್ರ ಎಂದು ಬರೆದುಕೊಟ್ಟರು. ನೋವು ಇಳಿಯಿತು. ಆಮೇಲೆ ಚಿಕ್ಕಗಂಗಮ್ಮನೇ ಮೆಡಿಕಲ್ ಶಾಪಿನಿಂದ ನೋವಿನದನ್ನಷ್ಟೇ ತರತೊಡಗಿದಳು.

"ಇನ್ನೊಂದು ಮಾತ್ರೆ?" ಎಂದು ಹನುಮಯ್ಯ ಕೇಳಿದ.

"ಅದು ಗ್ಯಾಸ್ಟ್ರಿಕ್‌ದು. ನಿಂಗೆಲ್ಲೈತೆ ಗ್ಯಾಸ್ಟ್ರಿಕ್ಕು?"

ಐದು ದಿನದ ಮಾತ್ರೆ ಎಂಟು ತಿಂಗಳು ನಡೆಯಿತು. ಬೆಳಿಗ್ಗೆ ಬರೀ ಕಾಫಿಯ ಜೊತೆ ಒಂದು, ಸಂಜೆ ಒಂದು.

ಒಂದು ದಿನ ಹನುಮಯ್ಯ ನಾಚಿಕೊಂಡೇ ಹೇಳಿದ. "ಗಂಗೀ, ಯಾಕೋ ಕಪ್ಪಗೆ ಹೋಗ್ತೈತೆ ಕಣೇ. ಟಾರು ಇದ್ದಂಗೆ."

ಅವಳು ಬಿದ್ದೂ ಬಿದ್ದೂ ನಕ್ಕಳು. "ಎರಡೊತ್ತೂ ರಾಗಿ ಮುದ್ದೆ ನುಂಗಿದ್ರೆ ಇನ್ನೇನು ಬೆಳ್ಳಗೆ ಹೋಗ್ತೈತಾ? ಸುಮ್ಕಿರು."

ಅವನು ಅವಳ ಮಾತಿಗೆ ಎಂದೂ ಎದುರಾಡಿದವನಲ್ಲ. ಹತ್ತು ದಿನಕ್ಕೆ ಮುಖ ಬಿಳಿಚಿಕೊಂಡಿತು, ನಾಲ್ಕು ಮೆಟ್ಟಿಲಿಗೇ ಏದುಸಿರು. ಅವಳು ಅದಕ್ಕೂ ಬಿಸಿಲೇ ಕಾರಣ ಎಂದಳು. ಇನ್ನೂ ಹತ್ತು ದಿನ ಕಳೆದ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ಗಾಡಿಯ ಪಕ್ಕದಲ್ಲೇ ರಕ್ತ ಕಾರಿಕೊಂಡು ಕುಸಿದ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದರು, "ಮೋಷನ್ ಕಪ್ಪಗೆ ಹೋಗ್ತಿತ್ತಾ? ಎಷ್ಟು ದಿನದಿಂದ?"

"ಮೂರು ವಾರ ಆಯ್ತವ್ವಾ. ರಾಗೀದು ಅಂದ್ಕೊಂಡೆ."

"ಅದು ರಕ್ತ, ಆಂಟಿ. ನೋವಿನ ಮಾತ್ರೆಯಿಂದ ಹೊಟ್ಟೇಲಿ ಹುಣ್ಣಾಗಿದೆ, ಅಲ್ಲಿಂದ ರಕ್ತ ಹೋಗ್ತಾ ಇದೆ. ಆಗ್ಲೇ ಕರ್ಕೊಂಡು ಬಂದಿದ್ರೆ..."

ಅಯ್ಯೋ, ದಿನಾ ಕ್ಲಿನಿಕ್ಕಿನೊಳಗೇ ಇದ್ದಳಲ್ಲ! ಪೊರಕೆ ಪಕ್ಕಕ್ಕಿಟ್ಟು ಒಂದೇ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಕ್ಕೆ ಬಿಂಕ. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು ಅವಳಿಗೆ.

ಆಪರೇಷನ್‌ಗೆ ಕರೆದೊಯ್ಯುವ ಮುಂಚೆ ಅವಳನ್ನು ಒಳಗೆ ಬಿಟ್ಟರು. ಕೈಗೆ ರಕ್ತ ಏರಿಸುತ್ತಿದ್ದರು. ಹನುಮಯ್ಯ ಕಣ್ಣು ತೆರೆದ.

"ಮಂಡಿ ನೋಯ್ತೈತೆ ಕಣೇ. ಮಾತ್ರೆ ಐತಾ?"

"ಇಲ್ಲ. ಇನ್ ಮೇಲೆ ಕೊಡಾಕಿಲ್ಲ." ಅಳು ತಡೆದ ದನಿ ಗಡುಸಾಗಿ ಬಂತು.

ಅವನು ಅವಳ ಮುಖವನ್ನೇ ನೋಡಿದ. "ಯಾಕೇ, ನನ್ ಮೇಲೆ ಕ್ವಾಪಾನಾ? ನಾನೇನ್ ತಪ್ಪು ಮಾಡ್ದೆ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಸ್ಟ್ರೆಚರ್ ತಳ್ಳಿಕೊಂಡು ಹೊರಟೇಬಿಟ್ಟರು. "ತಪ್ಪು ನಂದು ಕಣಯ್ಯಾ, ನಂದು!" ಎಂದು ಕೂಗಿಕೊಂಡು ಹಿಂದೆ ಓಡಿದಳು. ಬಾಗಿಲು ಮುಚ್ಚಿತ್ತು.

ಮಧ್ಯಾಹ್ನ ಡಾಕ್ಟರಮ್ಮ ಹೊರಗೆ ಬಂದು ಅವಳ ಕೈ ಹಿಡಿದುಕೊಂಡರು. ಹನುಮಯ್ಯ ಹೆಂಡತಿ ಮುನಿಸಿಕೊಂಡಿದ್ದಾಳೆ ಅಂದುಕೊಂಡೇ ಹೋಗಿಬಿಟ್ಟಿದ್ದ.